ಪೈಪಣ್ಣ ತಿರುಗಿಸಿದ ಪುಟ್ಟ ಚಕ್ರ

ಪೈಪಣ್ಣನಿಗೆ ಮಗಳು ಹುಟ್ಟಿದ್ದಳು. ಆವತ್ತು ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯ ಬಾಗಿಲು ಕಾಯುವವನಿಗೂ ಹೇಳಿದ, ಮೆಟ್ಟಿಲಲ್ಲಿ ಎದುರಾದ ಗುರುತಿಲ್ಲದವರಿಗೂ ಹೇಳಿದ: "ಹೆಣ್ಣು ಮಗು ರೀ! ಥೇಟ್ ನನ್ನ ಮೂಗು!" ಊರಿನ ಅರ್ಧ ಮನೆಗಳ ನಲ್ಲಿ ರಿಪೇರಿ ಮಾಡಿದವನು ಅವನೇ. ಅದಕ್ಕೇ ಎಲ್ಲರ ಬಾಯಲ್ಲೂ ಪೈಪಣ್ಣ.

ಹೆರಿಗೆಯಲ್ಲಿ ಹೆಂಡತಿಗೆ ರಕ್ತ ಬಹಳ ಹೋಗಿತ್ತು. ಮಂಚದ ಪಕ್ಕದ ಕಂಬಿಗೆ ರಕ್ತದ ಚೀಲ ತೂಗುಹಾಕಿದ್ದರು. ನರ್ಸಮ್ಮ ಕೊಳವೆಯ ಮೇಲಿನ ಪುಟ್ಟ ಚಕ್ರವನ್ನು ಸರಿಸಿ, ಹನಿ ಬೀಳುವುದನ್ನು ಗಡಿಯಾರ ನೋಡಿಕೊಂಡು ಎಣಿಸಿದರು.

"ಇದನ್ನ ಯಾರೂ ಮುಟ್ಬೇಡಿ. ಇವರಿಗೆ ಚಳಿ, ತುರಿಕೆ, ಉಸಿರು ಕಟ್ಟಿದ ಹಾಗೆ, ಏನೇ ಅನ್ನಿಸಿದ್ರೂ ತಕ್ಷಣ ಕೂಗಿ. ಪಕ್ಕದ ಮಂಚದವರ ಹತ್ರಾನೇ ಇರ್ತೀನಿ."

ಪೈಪಣ್ಣ ತಲೆಯಾಡಿಸಿದ. ಆದರೆ ಕಸುಬಿನ ಕೈ ಕೇಳಬೇಕಲ್ಲ! ಹನಿ ನೋಡನೋಡುತ್ತಾ ಅವನಿಗೆ ಮುಳ್ಳಿನ ಮೇಲೆ ಕೂತಂತಾಯಿತು.

"ಏನಕ್ಕಾ ಇದು, ವಾಷರ್ ಹೋದ ನಲ್ಲಿ ಥರ ತೊಟ್ಟು ತೊಟ್ಟು! ಹೀಗಾದ್ರೆ ನಾವು ಮನೆಗೆ ಹೋದ ಹಾಗೇ."

ಅವನ ಅಕ್ಕ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು. "ಲೋ, ಅದು ನೀರಿನ ಟ್ಯಾಂಕಲ್ಲ. ಕೈ ಕಟ್ಕೊಂಡು ಕೂತ್ಕೋ."

ಮಗುವಿನ ಬಟ್ಟೆ ಬದಲಿಸಲು ಅಕ್ಕ ಅತ್ತ ತಿರುಗಿದ್ದೇ ತಡ, ಇವನು ಚಕ್ರವನ್ನು ಮೇಲಕ್ಕೆ ತಳ್ಳಿದ. ಹನಿಗಳು ಒಂದರ ಹಿಂದೊಂದು ಓಡಿದವು. ದೊಡ್ಡ ಕೆಲಸ ಮುಗಿಸಿದವನಂತೆ ಮೀಸೆ ನೀವಿಕೊಂಡ.

ಸ್ವಲ್ಪ ಹೊತ್ತಿನಲ್ಲೇ ಹೆಂಡತಿ ಕೆಮ್ಮತೊಡಗಿದಳು. "ರೀ... ಎದೆ ಮೇಲೆ ಯಾರೋ ಕೂತ ಹಾಗಿದೆ ರೀ..."

"ಸಿಸ್ಟರ್!" ಎಂದು ಅಕ್ಕ ಕೂಗಿದಳು.

ನರ್ಸಮ್ಮ ಬಂದವರೇ ಒಮ್ಮೆ ಮುಖ ನೋಡಿದರು, ಒಮ್ಮೆ ಹನಿ ನೋಡಿದರು. ಟಕ್ಕನೆ ಚಕ್ರ ಮುಚ್ಚಿದರು. ಮಂಚದ ತಲೆಭಾಗ ಎತ್ತಿ ಅವಳನ್ನು ಕೂರಿಸಿ, ಮೂಗಿಗೆ ಆಕ್ಸಿಜನ್ ಇಟ್ಟರು. ಇನ್ನೊಬ್ಬ ನರ್ಸನ್ನು ಡಾಕ್ಟರ ಬಳಿ ಓಡಿಸಿದರು.

ಪೈಪಣ್ಣ ಎಗರಾಡಿದ. "ಯಾಕ್ರೀ ನಿಲ್ಸಿದ್ರಿ? ರಕ್ತ ಇಲ್ದೆ ಅವಳು ಬದುಕ್ತಾಳಾ? ಹಾಕಿ ಅಂದಿದ್ದು ಡಾಕ್ಟ್ರು. ನಿಲ್ಸಿ ಅಂತಲೂ ಅವರೇ ಬಂದು ಹೇಳ್ಬೇಕು. ನೀವು ಬರೀ ನರ್ಸು!"

"ಹೌದು, ನರ್ಸು. ಅದಕ್ಕೇ ನಿಲ್ಸಿದ್ದು," ಎಂದರು ನರ್ಸಮ್ಮ, ಹೆಂಡತಿಯ ನಾಡಿಯಿಂದ ಬೆರಳು ತೆಗೆಯದೆ. "ಇಂಥ ಹೊತ್ತಲ್ಲಿ ನಿಲ್ಲಿಸೋಕೆ ನಾನು ಯಾರ ಅಪ್ಪಣೆಗೂ ಕಾಯ್ಬೇಕಾಗಿಲ್ಲ. ಅದನ್ನೇ ನಾನು ಓದಿ ಕಲ್ತಿರೋದು. ಹೊಣೆಯೂ ನಂದೇ."

ಪೈಪಣ್ಣನ ಕೈ ಮತ್ತೆ ಚಕ್ರದತ್ತ ಹೋಯಿತು. ಅಕ್ಕ ಗಬಕ್ಕನೆ ಮಣಿಕಟ್ಟು ಹಿಡಿದಳು.

"ಲೋ! ಯಾರದೋ ಮನೇಲಿ ಪೈಪ್ ಒಡೆದು ನೀರು ನುಗ್ತಿದೆ ಅಂದ್ಕೋ. ಯಜಮಾನ್ರು ಕೆಲಸದಿಂದ ಬರ್ಲಿ, ಕೇಳಿ ಮುಚ್ತೀನಿ ಅಂತ ಬಾಗಿಲಲ್ಲಿ ಕೂತಿರ್ತೀಯೇನೋ?"

"ನನಗೇನು ಹುಚ್ಚಾ? ಮೊದ್ಲು ವಾಲ್ವ್ ಮುಚ್ತೀನಿ. ಆಮೇಲೆ ಯಜಮಾನ್ರಿಗೆ ಫೋನು..."

ಹೇಳುತ್ತಲೇ ಚಾಚಿದ್ದ ಕೈಯನ್ನು ತಾನೇ ಹಿಂದಕ್ಕೆ ಎಳೆದುಕೊಂಡ.

"ಮತ್ತೆ? ಅವರು ಮಾಡಿದ್ದೂ ಅದೇ ತಾನೆ!"

ನರ್ಸಮ್ಮ ಈಗ ಅವನತ್ತ ತಿರುಗಿದರು. "ಚಕ್ರ ನಾನಿಟ್ಟಲ್ಲಿ ಇರ್ಲಿಲ್ಲ. ಯಾರಾದ್ರೂ ಮುಟ್ಟಿದ್ರಾ? ಬೈಯೋಕಲ್ಲ ಕೇಳ್ತಿರೋದು. ಗೊತ್ತಾದ್ರೆ ಮುಂದಿನ ಔಷಧಿ ಸರಿಯಾಗಿ ಕೊಡಬಹುದು."

ಪೈಪಣ್ಣ ಹೆಂಡತಿಯ ಬಿಳಿಚಿದ ಮುಖ ನೋಡಿದ.

"ನಾನೇ ಸಿಸ್ಟರ್. ಬೇಗ ತುಂಬ್ಲಿ ಅಂತ..."

ಅಷ್ಟರಲ್ಲಿ ಡಾಕ್ಟರು ಆಪರೇಷನ್ ಕೋಣೆಯಿಂದ ಓಡೋಡಿ ಬಂದರು. ನರ್ಸಮ್ಮ ನಡೆದದ್ದನ್ನು ನಾಲ್ಕೇ ಮಾತಲ್ಲಿ ಹೇಳಿದರು. ಡಾಕ್ಟರು ಎದೆ ಪರೀಕ್ಷಿಸಿ ಇಂಜೆಕ್ಷನ್ ಕೊಡಿಸಿದರು. ಉಸಿರು ನಿಧಾನಕ್ಕೆ ಹದಕ್ಕೆ ಬಂತು. ಕೆನ್ನೆಗೆ ಬಣ್ಣ ಮರಳಿತು.

"ರಕ್ತ ಜೋರಾಗಿ ಒಳಗೆ ಹೋಗಿ ಎದೆಗೆ ಭಾರ ಆಗಿದೆ," ಎಂದರು ಡಾಕ್ಟರು. "ಇವರು ನನ್ನ ದಾರಿ ಕಾಯ್ತಾ ನಿಂತಿದ್ರೆ ನಾನು ಬಂದೂ ಪ್ರಯೋಜನ ಇರ್ತಿರ್ಲಿಲ್ಲ. ನನ್ನ ತೀರ್ಮಾನ ನಂದು, ಇವರ ತೀರ್ಮಾನ ಇವರದು. ಎರಡೂ ಸೇರಿದ್ರೇನೇ ಆಸ್ಪತ್ರೆ."

ಸಂಜೆ ಹೊತ್ತಿಗೆ ಹೆಂಡತಿಗೆ ನಗುವಷ್ಟು ಉಸಿರು ಬಂದಿತ್ತು. "ಮಗಳಿಗೆ ಮೂಗು ನಿಮ್ಮದೇ ಇರ್ಲಿ ರೀ. ಕೈ ಮಾತ್ರ ನಿಮ್ಮದು ಬೇಡ!"

ಅಕ್ಕ ಬಿದ್ದು ಬಿದ್ದು ನಕ್ಕಳು. ನರ್ಸಮ್ಮ ಬೆನ್ನಿಗೆ ದಿಂಬು ಕೊಟ್ಟು, "ಈಗ ಮಗೂಗೆ ಹಾಲು ಕೊಡಬಹುದಮ್ಮ," ಎಂದರು.

"ಡಾಕ್ಟ್ರು..." ಎಂದು ಪೈಪಣ್ಣ ಶುರು ಮಾಡಿದ. ಅಕ್ಕ ದುರುಗುಟ್ಟಿ ನೋಡಿದಳು. "ಡಾಕ್ಟ್ರು ಊಟ ಮಾಡಿದ್ರಾ ಅಂತ ಕೇಳ್ತಿದ್ದೆ, ಅಷ್ಟೇ!"

ಆಗಲೇ ಎದುರು ಮಂಚದ ರೋಗಿಯ ಭಾವ, ಹನಿ ನಿಧಾನವಾಯಿತೆಂದು ಚಕ್ರಕ್ಕೆ ಕೈ ಹಾಕಿದ. ಪೈಪಣ್ಣ ಒಂದೇ ನೆಗೆತಕ್ಕೆ ಅಲ್ಲಿದ್ದ.

"ತೆಗೀರಿ ಕೈ! ಮನೇಲಿ ನಲ್ಲಿ ಕೆಟ್ರೆ ನನ್ನ ಕರೀರಿ. ಇದಕ್ಕೆ ಸಿಸ್ಟರ್‌ನ ಕರೀರಿ!"

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಮ್ಮವರು ಮಲಗಿದ ಮಂಚದ ಪಕ್ಕ ಹಗಲೂ ಇರುಳೂ ಇರುವವರು ನರ್ಸಮ್ಮನೇ. ಕೆಲವು ತೀರ್ಮಾನಗಳನ್ನು ಅವರು ಆ ಗಳಿಗೆಯಲ್ಲೇ, ಸ್ವಂತ ಬುದ್ಧಿಯಿಂದ ಮಾಡಬೇಕು. ಅದು ಅವರ ಓದು, ಅವರ ಹಕ್ಕು, ಅವರ ಹೊಣೆ. ಅನುಮಾನ ಬಂದರೆ "ಯಾಕಮ್ಮ ಹೀಗೆ?" ಎಂದು ಧಾರಾಳವಾಗಿ ಕೇಳಿ, ಹೇಳುತ್ತಾರೆ. ಮೈಯಲ್ಲಿ ಏನೇ ವ್ಯತ್ಯಾಸವಾದರೂ ಮುಚ್ಚಿಡದೆ ತಿಳಿಸಿ. ಆದರೆ ಅವರ ಕೈಗೆ ಅಡ್ಡ ಹೋಗಬೇಡಿ, ಆ ಪುಟ್ಟ ಚಕ್ರ ಮುಟ್ಟಬೇಡಿ. "ಬರೀ ನರ್ಸು" ಎನ್ನುವ ಮಾತು ಇವತ್ತೇ ಬಿಟ್ಟುಬಿಡಿ. ಪೈಪಣ್ಣನ ಮಗಳು ಅಮ್ಮನ ಮಡಿಲಲ್ಲಿ ಹಾಲು ಕುಡಿಯುತ್ತಿರುವುದು ಒಬ್ಬ ನರ್ಸು ಯಾರ ಅಪ್ಪಣೆಗೂ ಕಾಯದೇ ಇದ್ದುದರಿಂದ.