ಬದುವಿನ ಮೇಲಿನ ಪಂಕ್ತಿ

ಪಾಸ್ಟರರ ಬೈಕು ಕಾಲುವೆ ಏರಿಯ ಮೇಲೆ ನಿಂತದ್ದೇ ತಡ, ಓಬಕ್ಕ ಕೈಯಲ್ಲಿದ್ದ ಸಸಿಕಟ್ಟನ್ನು ಕೆಸರಿನಲ್ಲಿ ಊರಿ ಸೊಂಟ ನೆಟ್ಟಗೆ ಮಾಡಿದಳು. ಅವಳ ಹಿಂದೆ ಊರ ಹೊರಗಿನ ಕಾಲೊನಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಗದ್ದೆಯಿಂದ ಮೇಲೆ ಹತ್ತಿ, ನೀರು ಹರಿಯುವ ಕಡೆ ಕೈಕಾಲು ತೊಳೆದು, ತಲೆಯ ಮೇಲೆ ಸೆರಗು ಹೊದ್ದು ಬದುವಿನ ಮೇಲೆ ಸಾಲಾಗಿ ಕೂತರು. ಊರೊಳಗಿನ ಹೆಂಗಸರು ಇದೇ ಹೊತ್ತೆಂದು ಎಲೆ ಅಡಿಕೆ ಚೀಲ ಬಿಚ್ಚುತ್ತ ಜಾಲಿ ಮರದ ನೆರಳಿಗೆ ಹೋದರು. ಅವರಲ್ಲಿ ಮೈಲಾರಮ್ಮ ಮಾತ್ರ ಮೊಣಕಾಲುದ್ದ ಕೆಸರಿನಲ್ಲಿ ನಿಂತೇ ಇದ್ದಳು.

ಈ ಸಲ ಕಾಲುವೆಗೆ ನೀರು ತಡವಾಗಿ ಬಿಟ್ಟಿದ್ದರು. ಬೊಮ್ಮನಹಾಳ್ ಸುತ್ತಿನ ಗದ್ದೆಗಳಿಗೆಲ್ಲ ಒಟ್ಟೊಟ್ಟಿಗೇ ನಾಟಿ ಬಂದು, ಕೂಲಿಯವರಿಗೆ ಭಾನುವಾರವೂ ಇಲ್ಲದಂತಾಗಿತ್ತು. ಚರ್ಚಿಗೆ ಹೋಗಲಾಗದೆ ಕರ್ತನ ಭೋಜನ ತಪ್ಪಿಹೋಗುತ್ತಿದೆ ಎಂದು ಓಬಕ್ಕ ಪಾಸ್ಟರ್ ಸುವಾರ್ತಪ್ಪನವರಿಗೆ ಫೋನು ಮಾಡಿ ಅತ್ತಿದ್ದಳಂತೆ. ನಿಮಗೆ ಬರಲಾಗದಿದ್ದರೆ ನಾನೇ ಗದ್ದೆಗೆ ಬರುತ್ತೇನೆ ಎಂದು ಅವರು ಹೇಳಿದ್ದರು. ಚೂರು ರೊಟ್ಟಿ, ಒಂದು ಗುಟುಕು ರಸ, ಅಷ್ಟೇ ಆ ಊಟ ಎಂದು ಓಬಕ್ಕ ಬೆಳಿಗ್ಗೆ ಹೇಳಿದಾಗ, ಅಷ್ಟಕ್ಕೆ ಒಬ್ಬರು ಅಳುವುದೆಂದರೇನು ಎಂದು ಮೈಲಾರಮ್ಮನಿಗೆ ತಿಳಿದಿರಲಿಲ್ಲ.

ನಾಟಿಯಲ್ಲಿ ಅವರಿಬ್ಬರದೂ ಯಾವಾಗಲೂ ಅಕ್ಕಪಕ್ಕದ ಸಾಲು. ಗಂಡ ತೀರಿಕೊಂಡ ವರ್ಷ ಮೈಲಾರಮ್ಮ ಮೊದಲ ಸಲ ಕೂಲಿಗೆ ಬಂದಾಗ, ಹಿಂದಕ್ಕೆ ಹೆಜ್ಜೆ ಇಡುತ್ತ ಸಸಿ ಊರುವುದನ್ನು ಕಲಿಸಿದವಳು ಓಬಕ್ಕ. ಸೊಸೆಯಂದಿರ ಸುದ್ದಿ, ಮಂಡಿನೋವು, ಬಾಣಂತನ, ಎಲ್ಲ ಮಾತೂ ಅವರ ನಡುವೆ ಆಗುತ್ತಿತ್ತು. ಅನ್ನ ನೀರು ಮಾತ್ರ ಇಲ್ಲ. ಹೋದ ಬೇಸಿಗೆಯಲ್ಲಿ ಮೆಣಸಿನಕಾಯಿ ಬಿಡಿಸುವಾಗ ಮೈಲಾರಮ್ಮ ಬಿಸಿಲಿಗೆ ತಲೆ ತಿರುಗಿ ಬಿದ್ದಳು. ಓಬಕ್ಕನ ಮಗ್ಗುಲಲ್ಲೇ ತುಂಬಿದ ಬಾಟಲಿ ಇತ್ತು. ಅದನ್ನು ಮುಟ್ಟದೆ ಅವಳು ದೂರದ ಪಂಪ್‌ಸೆಟ್ಟಿನ ತನಕ ಓಡಿ, ಊರವರೊಬ್ಬರ ಕೈಯಲ್ಲಿ ನೀರು ತರಿಸಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ. ಮೈಲಾರಮ್ಮನಿಗೂ ಆಗ ಅದು ಸರಿಯಾಗಿಯೇ ಕಂಡಿತ್ತು.

ಪಾಸ್ಟರು ಬದುವಿನ ಮೇಲೆ ಬಿಳಿ ಬಟ್ಟೆ ಹಾಸಿ, ಹೆಂಡತಿ ಸುಟ್ಟುಕೊಟ್ಟ ದಪ್ಪ ಚಪಾತಿಯನ್ನೂ ಒಣದ್ರಾಕ್ಷಿ ಕುದಿಸಿ ಸೋಸಿದ ರಸದ ಲೋಟವನ್ನೂ ಇಟ್ಟರು. ಯಾರ ಮೇಲಾದರೂ ಸಿಟ್ಟಿದ್ದರೆ ಈಗಲೇ ಬಿಟ್ಟುಬಿಡಿ ಎಂದರು. ಹೆಂಗಸರು ಕಣ್ಣು ಮುಚ್ಚಿದರು. ಸದಾ ಗಲಗಲ ಅನ್ನುವ ಆ ಬಾಯಿಗಳು ಇಷ್ಟು ಸುಮ್ಮನಾದದ್ದನ್ನು ಮೈಲಾರಮ್ಮ ನೋಡಿರಲಿಲ್ಲ. ಗದ್ದೆಯಿಂದ ಗದ್ದೆಗೆ ಇಳಿಯುವ ನೀರಿನ ಸಪ್ಪಳ ಒಂದೇ ಕೇಳುತ್ತಿತ್ತು. ಪಾಸ್ಟರು ಚಪಾತಿಯನ್ನು ಎರಡೂ ಕೈಯಿಂದ ಮೇಲೆತ್ತಿ ಮುರಿದರು.

ಮೈಲಾರಮ್ಮ ತನಗೇ ಅರಿವಿಲ್ಲದೆ ಹತ್ತಿರ ಬಂದಿದ್ದಳು. ಪಾಸ್ಟರು ಚೂರು ಹಂಚುತ್ತ ಸಾಲಿನ ಕೊನೆ ಮುಟ್ಟಿದಾಗ, ಪ್ರಸಾದಕ್ಕೆ ಒಡ್ಡುವಂತೆ ಬೊಗಸೆ ಒಡ್ಡಿದಳು. ಅವರ ಕೈ ತಡೆಯಿತು.

"ಇದು ಬಾಪ್ತಿಸ್ಮ ಆಗಿ ನಮ್ಮ ಸಭೆ ಸೇರಿದೋರಿಗೆ ಅಷ್ಟೇ ಕೊಡೋದ್ರಿ ಅಮ್ಮ," ಎಂದರು ಮೆಲ್ಲಗೆ. "ಬೇಜಾರು ಮಾಡ್ಕೋಬ್ಯಾಡ್ರಿ. ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ."

ಅವರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವಾಗ ಮೈಲಾರಮ್ಮನಿಗೆ ಅವಮಾನವೇನೂ ಆಗಲಿಲ್ಲ. ಅವಳ ಕಣ್ಣು ಲೋಟದ ಮೇಲಿತ್ತು. ಒಂದೇ ಲೋಟ. ಓಬಕ್ಕ ತುಟಿ ಹಚ್ಚಿ ಕುಡಿದು ಪಕ್ಕದವಳಿಗೆ ಕೊಟ್ಟಳು. ಅವಳಿಂದ ಇನ್ನೊಬ್ಬಳಿಗೆ, ಹಾಗೆಯೇ ಕೊನೆಯವರೆಗೆ ಹೋಯಿತು. ಎಲ್ಲರ ಬಾಯಿ ಮುಟ್ಟಿ ಬಂದ ಅದೇ ಲೋಟವನ್ನು ಪಾಸ್ಟರು ಕಡೆಗೆ ತಾವು ಎತ್ತಿ, ಒಂದು ಹನಿಯೂ ಉಳಿಯದಂತೆ ಕುಡಿದರು.

ಬೈಕು ಹೋದ ಮೇಲೆ ಇಬ್ಬರೂ ಮತ್ತೆ ಸಾಲಿಗೆ ಇಳಿದರು. ಸ್ವಲ್ಪ ಹೊತ್ತು ಸಸಿ ಊರಿದ ಮೇಲೆ ಮೈಲಾರಮ್ಮ, ಅದು ಯಾತರ ಪ್ರಸಾದ ಎಂದು ಕೇಳಿದಳು. ಪ್ರಸಾದ ಅಲ್ಲ, ಅದು ಯೇಸುಸ್ವಾಮಿಯ ಮೈ, ಅವನ ರಕ್ತ ಎಂದಳು ಓಬಕ್ಕ. ಸಾಯುವ ಹಿಂದಿನ ರಾತ್ರಿ ತನ್ನವರನ್ನು ಊಟಕ್ಕೆ ಕೂರಿಸಿಕೊಂಡು, ರೊಟ್ಟಿ ಮುರಿದು, ಇದು ನಾನೇ ಎಂದು ಹಂಚಿದ್ದನಂತೆ.

ಮೈಲಾರಮ್ಮನ ಕೈ ನೀರಿನಲ್ಲೇ ನಿಂತಿತು. "ನಾವು ದೇವ್ರಿಗೆ ಎಡಿ ಇಡ್ತೀವಿ," ಎಂದಳು ತಡೆದು ತಡೆದು. "ನಿಮ್ ದೇವ್ರು ತಾನೇ ಎಡಿ ಆಗಿಬಿಟ್ನಾ?"

"ಹೌದ್ರಿ. ಅವನನ್ನ ವೈರಿಗಳಿಗೆ ಹಿಡಿದು ಕೊಡೋ ಶಿಷ್ಯನೂ ಅದೇ ಪಂಕ್ತ್ಯಾಗ ಕುಂತಿದ್ದ. ಅವನಿಗೂ ಕೊಟ್ಟ."

ಮೈಲಾರಮ್ಮ ಕಂಡ ದೇವರುಗಳೆಲ್ಲ ಗುಡಿಯೊಳಗೆ ಕೂತು ತಮಗೆ ಬರಬೇಕಾದದ್ದನ್ನು ತರಿಸಿಕೊಳ್ಳುವವರು. ತಪ್ಪಿದರೆ ಅವರಿಗೆ ಮುನಿಸು. ಇವನು ತಾನೇ ಮುರಿದುಕೊಂಡು, ಕೆಸರು ತೊಳೆದ ಕೈಗಳಿಗೆ ಬಂದು ಬೀಳುತ್ತಾನೆ. ನೀರಿನಲ್ಲಿ ಹೊಳೆಯುವ ಆಕಾಶದ ಮೇಲೆ ಸಸಿ ಊರುತ್ತಿದ್ದ ಅವಳ ಕಣ್ಣು ಮತ್ತೆ ಮತ್ತೆ ಮಂಜಾಗುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಊರಿನವರು ಜಾಲಿಯ ಕೆಳಗೆ, ಕಾಲೊನಿಯವರು ಬದುವಿನ ಮೇಲೆ, ಎಂದಿನಂತೆ ಕೂತರು. ಮೈಲಾರಮ್ಮ ಜಾಲಿಯ ಕಡೆ ಹೋಗದೆ ಓಬಕ್ಕನ ಎದುರು ಬಂದು ಕೂತು, ನಿನ್ನ ಬುತ್ತಿಯಲ್ಲಿ ನನಗೂ ಕೊಡು ಎಂದಳು.

ಓಬಕ್ಕ ಬುತ್ತಿಯ ಮೇಲೆ ಅಂಗೈ ಮುಚ್ಚಿದಳು. "ಬ್ಯಾಡ್ರಿ ಅಮ್ಮ. ಇವತ್ತು ಮನಸು ಕರಗೇತಿ, ಉಣ್ತೀರಿ. ಸಂಜಿಗೆ ಮನಿಗೆ ಹೋಗಿ ಮೈಲಿಗಿ ಆತಂತ ತಲಿಮ್ಯಾಲೆ ನೀರು ಹಾಕ್ಕೊಂತೀರಿ. ಅದನ್ನ ನಾ ತಡಕೊಳ್ಳಾಕ ಆಗಂಗಿಲ್ಲ."

ಆ ಮಾತು ಸುಳ್ಳಲ್ಲ ಎಂದು ಮೈಲಾರಮ್ಮನಿಗೆ ಗೊತ್ತಿತ್ತು. ಜಾಲಿಯ ಕೆಳಗೆ ಮಾತು ನಿಂತು ಎಲ್ಲರೂ ಇತ್ತಲೇ ನೋಡುತ್ತಿದ್ದರು. ಅವರಲ್ಲಿ ಅವಳ ಓರಗಿತ್ತಿಯೂ ಇದ್ದಳು. ಸಂಜೆ ಮನೆಯಲ್ಲಿ ಏನಾಗುತ್ತದೆ ಎಂಬುದು ಕಣ್ಣಿಗೆ ಕಟ್ಟಿದಂತಿತ್ತು. ಆದರೂ ಅವಳು ಏಳಲಿಲ್ಲ.

"ಹಾಕ್ಕೊಳ್ಳಂಗಿಲ್ಲ ಓಬಕ್ಕ," ಎಂದಳು. "ಉಂಡಿದ್ದನ್ನ ತೊಳಿಯಾಕ ಹೆಂಗ ಬರ್ತೈತಿ?"

ಓಬಕ್ಕ ಬುತ್ತಿಯ ಮೇಲಿನ ಕೈ ತೆಗೆದಳು. ಆಮೇಲೆ ಜೋಳದ ರೊಟ್ಟಿಯನ್ನು ತೆಗೆದು ನಡುವೆ ಮುರಿದು, ಪುಂಡಿಸೊಪ್ಪಿನ ಪಲ್ಯ ಹಚ್ಚಿ, ಅರ್ಧವನ್ನು ಮುಂದೆ ಚಾಚಿದಳು. ಮೈಲಾರಮ್ಮ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡಳು. ತುಂಬ ಬೆಂದ ರೊಟ್ಟಿ, ಅಂಚು ಸೀದಿತ್ತು. ಪುಂಡಿಯ ಹುಳಿ ನಾಲಿಗೆ ಹಿಡಿಯಿತು. ಅವಳು ಕಣ್ಣು ಮುಚ್ಚಿ, ಅವಸರವಿಲ್ಲದೆ ಅಗಿದಳು.

ಓಬಕ್ಕ ತನ್ನ ಪಾಲನ್ನು ಕೈಯಲ್ಲಿ ಹಿಡಿದು ತಿನ್ನುವುದನ್ನೇ ಮರೆತಿದ್ದಳು.

"ಖಾರ ಐತೇನ್ರಿ?" ಎಂದಳು ಕಡೆಗೆ.

ಮೈಲಾರಮ್ಮ ಇಲ್ಲವೆಂದು ತಲೆಯಾಡಿಸಿದಳು. ಹೊಸದಾಗಿ ನೆಟ್ಟ ಮಡಿಯೊಳಕ್ಕೆ ಒಂದು ಬೆಳ್ಳಕ್ಕಿ ಇಳಿದು, ಸಸಿಗಳ ನಡುವೆ ನೋಡಿ ನೋಡಿ ಕಾಲಿಡುತ್ತ ಅವರ ಹತ್ತಿರಕ್ಕೆ ಬಂದು ನಿಂತಿತು. ಇಬ್ಬರೂ ಅಲುಗಾಡದೆ ಅದನ್ನೇ ನೋಡುತ್ತ ಕೂತರು.