ಸುಭದ್ರಾಬಾಯಿ ಬೀಡಿ ಬಿಟ್ಟಿದ್ದು

ಹಲಬರ್ಗಾದ ಸುಭದ್ರಾಬಾಯಿ ಒಂದು ಬೀಡಿಯನ್ನೂ ಬಾಯಿಗಿಟ್ಟವಳಲ್ಲ. ಆದರೂ ಕೆಮ್ಮು ಬಿಡಲಿಲ್ಲ. ಗಂಡ ಮಚ್ಛೇಂದ್ರ ಮನೆಯೊಳಗೆ ಸೇದುವ ಬೀಡಿಯ ಹೊಗೆ ಆಕೆಯ ಶ್ವಾಸಕೋಶಕ್ಕೂ ಹೋಗುತ್ತಿದೆ ಎಂದು ಭಾಲ್ಕಿಯ ಡಾಕ್ಟರು ಹೇಳಿದರು. ಮೂವತ್ತು ವರ್ಷ ಗಂಡನಿಗೆ ಹೇಳಿ ಸೋತಿದ್ದ ಆಕೆ ಮಹಿಳಾ ಸಂಘದ ಸಭೆಯಲ್ಲಿ ಎದ್ದು ನಿಂತು, "ಇವತ್ತಿನಿಂದ ನಾ ಬೀಡಿ ಬಿಟ್ಟೀನಿ" ಎಂದಳು. ಸಂಘದವರು ಶಾಲು ಹೊದಿಸಿದರು.

"ನೀ ಯಾವಾಗ ಸೇದಿದ್ದಿ?" ಎಂದ ಮಚ್ಛೇಂದ್ರ, ಆಕೆ ಶಾಲು ಹೊದ್ದು ಮನೆಗೆ ಬಂದಾಗ.

"ನೀವು ಸೇದಿದಾಗೆಲ್ಲಾ ಸೇದೀನ್ರಿ."

ಸಂಜೆ ಆತ ಪಡಸಾಲೆಯಲ್ಲಿ ಬೀಡಿ ಹಚ್ಚಿದ. ಆಕೆ ಕೆಮ್ಮಿದಳು. ಕೆಮ್ಮು ಕೇಳಿ, ಓಣಿಯಲ್ಲೇ ಕಾದಿದ್ದ ಸಂಘದ ಎಂಟು ಹೆಂಗಸರು ಬಾಗಿಲಿಗೆ ಬಂದರು.

"ಏನ್ ಸುಭದ್ರಾ ಕಾಕು, ಒಂದು ದಿನಾನೂ ತಡೀಲಿಲ್ಲೇನು? ಶಾಲು ವಾಪಸ್ ಕೊಡು" ಎಂದಳು ಅಧ್ಯಕ್ಷೆ ಮಾಯಾ. ಸುಭದ್ರಾಬಾಯಿ ತಲೆ ತಗ್ಗಿಸಿ ಶಾಲು ಮಡಚತೊಡಗಿದಳು.

ಮಚ್ಛೇಂದ್ರನಿಗೆ ನೋಡಲಾಗಲಿಲ್ಲ. "ಆಕಿ ಸೇದಿಲ್ಲ ಯವ್ವಾ, ನಾ ಸೇದಿದ್ದು!"

"ಹೊಗಿ ಆಕಿ ಎದಿಯಾಗ ಹೋಗ್ಯಾದಲ್ಲ ಕಾಕಾ. ನೇಮ ಅಂದ್ರ ನೇಮ."

ಆತ ಬೀಡಿ ಹೊಸಕಿ, ಉಳಿದ ಕಟ್ಟನ್ನೂ ಬೆಂಕಿಪೊಟ್ಟಣವನ್ನೂ ಮಾಯಾಳ ಕೈಗಿಟ್ಟ. "ಶಾಲು ಆಕಿಗೇ ಇರ್ಲಿ."

ಮರುದಿನ ಇಬ್ಬರೂ ಭಾಲ್ಕಿಗೆ ಹೋದರು. ಏನಾಗಬೇಕು ಎಂದು ಡಾಕ್ಟರು ಕೇಳಿದಾಗ ಮಚ್ಛೇಂದ್ರ ಹೇಳಿದ: "ಈಕಿ ಬೀಡಿ ಬಿಡಬೇಕಂತ್ರಿ. ನನಗ ಗುಳಿಗಿ ಕೊಡ್ರಿ."