ಇಂಗ್ಲೆಂಡಿನ ಸೊಸೆ

ಕರಿಬಸಮ್ಮನವರಿಗೆ ತಮ್ಮ ಬೀಗಿತ್ತಿಯ ಮೇಲೆ ಇದ್ದ ಒಂದೇ ದೂರೆಂದರೆ, ದೂರುವುದಕ್ಕೆ ಆಕೆ ಏನನ್ನೂ ಉಳಿಸಿರಲಿಲ್ಲ ಎನ್ನುವುದು. ಮಗಳು ಅಕ್ಷತಾಳನ್ನು ಕುಣಿಗಲ್ಲಿನ ವನಜಮ್ಮನವರ ಮಗ ಚನ್ನೇಶನಿಗೆ ಕೊಟ್ಟು ಕೆಲವು ವರ್ಷಗಳಾಗಿದ್ದವು. ಅಂದಿನಿಂದ ಇಬ್ಬರೂ ಆಡಿದ್ದೆಲ್ಲ "ಬನ್ನಿ ಬೀಗ್ರೆ", "ಕೂತ್ಕೊಳಿ ಬೀಗ್ರೆ", "ಇನ್ನೊಂಚೂರು ಬಡಿಸ್ಲಾ ಬೀಗ್ರೆ" ಇಷ್ಟೇ. ಮಳೆ ಚೆನ್ನಾಗಿ ಬಂತು ಎಂದರೆ ವನಜಮ್ಮ ಹೌದು ಎನ್ನುವರು. ಮಳೆ ಸಾಲದು ಎಂದರೆ ಅದಕ್ಕೂ ಹೌದು ಎನ್ನುವರು. ಗುಬ್ಬಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾಗಿದ್ದ, ಎದುರು ವಾದಿಸುವ ಮಕ್ಕಳ ನಡುವೆಯೇ ಬದುಕು ಕಳೆದಿದ್ದ ಕರಿಬಸಮ್ಮನವರಿಗೆ ಈ ಹೌದುಗಳನ್ನು ಕೇಳುವುದೆಂದರೆ ಉಪ್ಪಿಲ್ಲದ ಸಾರು ಉಂಡ ಹಾಗೆ.

ಅಕ್ಷತಾಗೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆ ಹತ್ತಿರ ಇರಲಿ ಎಂದು ಕರಿಬಸಮ್ಮ ಬಾಣಂತನಕ್ಕೆ ತುಮಕೂರಿನ ಮಗಳ ಮನೆಗೇ ಬಂದಿಳಿದರು. ಬೀಗಿತ್ತಿಯೂ ಕುಣಿಗಲ್ಲಿನಿಂದ ಬರುತ್ತಾರೆ, ನಾಮಕರಣದವರೆಗೂ ಇರುತ್ತಾರೆ ಎಂದು ತಿಳಿದಾಗ, ಸೀರೆಗಳ ನಡುವೆ ಸುತ್ತಿ ತಂದಿದ್ದ ಪುಸ್ತಕವನ್ನೊಮ್ಮೆ ಮುಟ್ಟಿ ನೋಡಿ ಸಮಾಧಾನ ತಂದುಕೊಂಡರು.

ಅದು ಬ್ರಿಟಿಷರ ಪತ್ತೇದಾರಿ ಕಾದಂಬರಿ. ಆ ಚಟ ಅವರಿಗೆ ಹಳೆಯದು. ಗಂಡ ರೇವಣಸಿದ್ದಯ್ಯನವರು ಚೇಳೂರಿನ ತೋಟದಿಂದ ಬಿಸಿಲಲ್ಲಿ ಬಂದು ಕಾಫಿ ಕೇಳಿದರೆ, "ತಡೀರಿ, ಇಲ್ಲೊಬ್ಬ ಸಾಯ್ತಾ ಇದಾನೆ" ಎನ್ನುವಷ್ಟು ಹಳೆಯದು. ಆದರೆ ಹಸುಗೂಸು ಇರುವ ಮನೆಯಲ್ಲಿ, ಅದರಲ್ಲೂ ಬೀಗಿತ್ತಿಯ ಎದುರಿಗೆ, ರಟ್ಟಿನ ಮೇಲೆ ರಕ್ತದ ಚಿತ್ರ ಇರುವ ಪುಸ್ತಕ ಹಿಡಿದು ಕೂರಲು ಆಗುತ್ತದೆಯೇ? ಅಡುಗೆಮನೆಯ ರಾಗಿ ಹಿಟ್ಟಿನ ಡಬ್ಬದ ಹಿಂದೆ ಅದನ್ನು ಬಚ್ಚಿಟ್ಟರು. ಕುಕ್ಕರ್ ಕೂಗುವುದರೊಳಗೆ ನಿಂತಲ್ಲೇ ಒಂದಿಷ್ಟು ಓದುವುದು, ಕೂಗಿದ ಮೇಲೆ ಮತ್ತೆ ಡಬ್ಬದ ಹಿಂದಕ್ಕೆ ತಳ್ಳುವುದು.

ಹೀಗಿರುವಾಗ ಒಂದು ಬೆಳಿಗ್ಗೆ ಪುಸ್ತಕ ತೆಗೆದರೆ ಒಂದು ಪುಟದ ಮೂಲೆ ಮಡಚಿತ್ತು. ಕರಿಬಸಮ್ಮ ಜನ್ಮದಲ್ಲಿ ಪುಟ ಮಡಚಿದವರಲ್ಲ. ಮಡಚಿದ ಮಕ್ಕಳಿಗೆ ಅಂಗೈ ಮೇಲೆ ಸ್ಕೇಲಿನ ಏಟು ಕೊಟ್ಟವರು. ಅವರಿಗೆ ಗಾಬರಿಯಾಯಿತು, ಅದರ ಹಿಂದೆಯೇ ಖುಷಿಯೂ ಆಯಿತು. ಮನೆಯಲ್ಲಿ ಇನ್ನೊಬ್ಬರು ಓದುತ್ತಿದ್ದಾರೆ. ಚನ್ನೇಶ ಇರಲಾರ; ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಗೆ ಹೋದರೆ ಸಂಜೆಯೇ ಬರುವವನು, ಬಂದರೂ ಮೊಬೈಲ್ ಬಿಟ್ಟು ಬೇರೇನನ್ನೂ ಓದುವವನಲ್ಲ. ಅಕ್ಷತಾ ಪಾಪ, ಗೋಡೆಗೆ ಒರಗಿದರೆ ಸಾಕು, ನಿದ್ದೆ. ಮಡಚಿದ ಮೂಲೆಯನ್ನು ಮೂಗಿನ ಹತ್ತಿರ ಹಿಡಿದರು. ಕೊಬ್ಬರಿ ಎಣ್ಣೆ. ಮಗುವಿಗೆ ಎಣ್ಣೆ ತಿಕ್ಕುತ್ತಿದ್ದವರು ವನಜಮ್ಮ.

ನಂಬಲಾಗಲಿಲ್ಲ. ಆ ಹೌದಮ್ಮನೇ? ಅವತ್ತು ಮಧ್ಯಾಹ್ನ ಕರಿಬಸಮ್ಮ ತಾವೇ ಟೀ ಮಾಡಿ ಬೀಗಿತ್ತಿಯ ಕೈಗೆ ಕೊಟ್ಟರು. ಬೇಕೆಂದೇ ಟೀ ಸೊಪ್ಪು ಜಾಸ್ತಿ ಹಾಕಿ ಕುದಿಸಿದ್ದರು. ವನಜಮ್ಮ ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಯಾಕೆ ಬೀಗ್ರೆ, ಕಹಿ ಆಯ್ತಾ?"

"ಇಲ್ಲ ಇಲ್ಲ, ಚೆನ್ನಾಗಿದೆ ಬೀಗ್ರೆ."

"ಭಯ ಬೀಳ್ಬೇಡಿ. ವಿಷ ಹಾಕೋರು ಸಕ್ಕರೆ ಜಾಸ್ತಿ ಹಾಕ್ತಾರೆ, ಕಹಿ ಗೊತ್ತಾಗ್ದಂಗೆ."

ವನಜಮ್ಮ ಲೋಟ ಹಿಡಿದುಕೊಂಡೇ ಕಲ್ಲಾದರು. ಆಮೇಲೆ ಅವರ ಭುಜ ಅಲುಗಿತು, ಟೀ ತುಳುಕಿತು, ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಿಲ್ಲ. ತೊಟ್ಟಿಲಲ್ಲಿದ್ದ ಮಗು ಬೆಚ್ಚಿ ಅತ್ತಿತು.

"ಆ ವಿಷ ಬಾಟ್ಲಿಯಿಂದ ತಂದದ್ದಲ್ಲ ಬೀಗ್ರೆ," ಎಂದರು, ಉಸಿರು ಸಿಕ್ಕ ಮೇಲೆ. "ತೋಟದಲ್ಲೇ ಬೆಳ್ದಿದ್ದು. ಕಥೇಲಿರೋ ಆ ಡಾಕ್ಟ್ರಿಗೆ ಅಷ್ಟೂ ಗೊತ್ತಾಗ್ಲಿಲ್ವಲ್ಲ ಅಂತ ನಂಗೆ ಸಿಟ್ಟು."

ಇಬ್ಬರೂ ಮಗುವಿನ ಬಟ್ಟೆ ಒಣಹಾಕುವ ನೆಪ ಮಾಡಿಕೊಂಡು ತಾರಸಿಗೆ ಹೋದರು. ಒಂದು ಬಕೆಟ್ ಬಟ್ಟೆ ಒಣಹಾಕಲು ಅವತ್ತು ಸಂಜೆಯಾಯಿತು. ವನಜಮ್ಮ ಕುಣಿಗಲ್ಲಿನ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಗಿನಿಂದ ಇಂಥವನ್ನು ಓದುತ್ತಿದ್ದರಂತೆ. ಊಟದ ಡಬ್ಬಿಯ ಬುಟ್ಟಿಯಲ್ಲಿ ಇಟ್ಟುಕೊಂಡು, ಮನೆಯಲ್ಲಿ ಯಾರಿಗೂ ಹೇಳದೆ. ಚನ್ನೇಶನಿಗೂ ಗೊತ್ತಿಲ್ಲ.

"ಮತ್ತೆ ಇಷ್ಟು ದಿನ ಬರೀ ಹೌದು ಹೌದು ಅಂತಿದ್ರಲ್ಲ?"

"ನೀವು ಟೀಚರ್ ಅಲ್ವೇ. ಎಲ್ಲಿ ತಪ್ಪು ತೆಗೀತೀರೋ ಅಂತ ಭಯ."

ಮಾತಿನ ಕಟ್ಟೆ ಒಡೆಯಿತು. ಕರಿಬಸಮ್ಮನವರಿಗೆ ಇಷ್ಟವಾದದ್ದು ಹಳೆಯ ಕಾಲದ ಕಥೆಗಳು: ಹಳ್ಳಿ, ಚರ್ಚು, ಬಂಗಲೆ, ಯಾರನ್ನೂ ನೋಯಿಸದ ಹಾಗೆ ಕೇಳಿ ಕೇಳಿ ಸತ್ಯ ಹೊರಡಿಸುವ ಜಾಣರು. ವನಜಮ್ಮನವರಿಗೆ ಬೇಕಾದದ್ದು ಈಚಿನವು: ಹೆಂಡತಿ ಬಿಟ್ಟುಹೋದ, ಸದಾ ಕುಡಿಯುವ, ಮೇಲಧಿಕಾರಿಯ ಜೊತೆ ಜಗಳವಾಡುವ ಇನ್ಸ್‌ಪೆಕ್ಟರುಗಳು.

"ಆ ಕುಡುಕನ್ನ ಕಂಡ್ರೆ ನಂಗಾಗಲ್ಲ," ಎಂದರು ಕರಿಬಸಮ್ಮ. "ಮೊದ್ಲು ಹೊಟ್ಟೆಗೆ ಒಂದು ಮುದ್ದೆ ತಿನ್ನಲಿ, ಆಮೇಲೆ ಕೇಸು ನೋಡ್ಲಿ."

"ನಿಮ್ಮ ಬಂಗಲೆಯೋರೋ? ಮಹಡೀಲಿ ಹೆಣ ಬಿದ್ದಿರುತ್ತೆ, ಇವ್ರು ಕೆಳಗೆ ಬ್ರೆಡ್ಡಿಗೆ ಬೆಣ್ಣೆ ಹಚ್ತಿರ್ತಾರೆ. ಒಬ್ಬರ ಕಣ್ಣಲ್ಲಾದ್ರೂ ನೀರು ಬರುತ್ತಾ?"

"ಅದೇ ಅಲ್ವೇ ಅನುಕೂಲ? ಎಲ್ರೂ ಎದೆ ಬಡ್ಕೊಂಡು ಅತ್ರೆ ಕಥೆ ಮುಂದಕ್ಕೆ ಹೋಗೋದು ಹೆಂಗೆ?"

ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಪ್ಪಿದರು. ಇಂಗ್ಲೆಂಡಿನಲ್ಲಿ ಕೊಲೆ ಮಾಡುವುದು ಬಹಳ ಸುಲಭ. ಅಲ್ಲಿ ಎಲ್ಲರಿಗೂ ಒಂದೊಂದು ಕೋಣೆ, ಕೋಣೆಗೊಂದು ಬಾಗಿಲು, ಬಾಗಿಲಿಗೊಂದು ಚಿಲಕ. ಇಲ್ಲಿ ಚಿಲಕ ಹಾಕಿಕೊಂಡು ಎರಡು ನಿಮಿಷ ಕೂತರೆ ಸಾಕು, ಹುಷಾರಿಲ್ವಾ ಎಂದು ಮೂರು ಜನ ಬಾಗಿಲು ಬಡಿಯುತ್ತಾರೆ.

ಅಲ್ಲಿಂದ ಮುಂದಿನ ತಕರಾರೆಲ್ಲ ಆ ಪುಸ್ತಕದ್ದೇ. ಕಥೆ ಇಷ್ಟು: ದೊಡ್ಡ ಬಂಗಲೆಯ ಯಜಮಾನ ಮಹಡಿಯ ಮೆಟ್ಟಿಲಿಂದ ಉರುಳಿ ಸತ್ತಿದ್ದಾನೆ. ಅದಕ್ಕೆ ಮೊದಲು ಯಾರೋ ಟೀಯಲ್ಲಿ ವಿಷ ಹಾಕಿ ನೋಡಿದ್ದಾರೆ, ಫಲಿಸಿಲ್ಲ, ಆಮೇಲೆ ತಳ್ಳಿದ್ದಾರೆ. ಮನೆಯಲ್ಲಿ ಇದ್ದವರು ಅವನ ಹೆಂಡತಿ, ಮಗ, ಹೊಸದಾಗಿ ಬಂದ ಸೊಸೆ ಮತ್ತು ಡಾಕ್ಟರು. ಸೊಸೆಯೇ ಕೊಂದವಳು ಎಂದು ವನಜಮ್ಮ ಮೊದಲ ದಿನವೇ ತೀರ್ಮಾನಿಸಿದ್ದರು. ಸೊಸೆ ನಿರಪರಾಧಿ ಎಂದು ಕರಿಬಸಮ್ಮ. ಅವಳು ಯಾರ ಮಗಳೋ ಏನೋ, ದೂರದ ಊರಿಂದ ಬಂದು ಆ ತಣ್ಣನೆಯ ಮನೆಯಲ್ಲಿ ಒದ್ದಾಡುತ್ತಿದ್ದಾಳೆ ಎಂದು ನೆನೆದರೆ ಅವರ ಕರುಳು ಚುರ್ ಎನ್ನುತ್ತಿತ್ತು.

ತೊಂದರೆಯೆಂದರೆ ಇದ್ದದ್ದು ಒಂದೇ ಪ್ರತಿ. ಕರಿಬಸಮ್ಮ ಮುಂದಿದ್ದರು, ವನಜಮ್ಮ ಹಿಂದೆ. ಒಬ್ಬರು ಓದುವಾಗ ಇನ್ನೊಬ್ಬರು ಮಗು ಹಿಡಿದು ಸುಮ್ಮನೆ ಸುತ್ತಾಡಬೇಕು. ನಾಮಕರಣ ನಾಳೆ ಎನ್ನುವ ದಿನ, ಹೂರಣಕ್ಕೆ ಬೇಳೆ ಬೇಯುತ್ತಿರುವಾಗ, ವನಜಮ್ಮ ಈಳಿಗೆಮಣೆಯನ್ನು ನೋಡಿದರು. ಕರಿಬಸಮ್ಮನೂ ನೋಡಿದರು. ಕರಿಬಸಮ್ಮ ಪುಸ್ತಕವನ್ನು ನಡುವೆ ಬಗ್ಗಿಸಿ, ಕಣ್ಣು ಮುಚ್ಚಿಕೊಂಡು ಈಳಿಗೆಯ ಅಲಗಿನ ಮೇಲೆ ಒತ್ತಿದರು. ಕುಂಬಳಕಾಯಿ ಹೋಳಾದ ಹಾಗೆ ಪುಸ್ತಕ ಎರಡಾಯಿತು. ಜೀವಮಾನವೆಲ್ಲ ಪುಸ್ತಕಕ್ಕೆ ಕಾಗದದ ಹೊದಿಕೆ ಹಾಕಿಸಿದ್ದ ಟೀಚರಿಗೆ ಅಯ್ಯೋ ಎನ್ನಿಸಬೇಕಿತ್ತು. ಅದರ ಬದಲು ತಲೆ ಹಗುರಾಗಿ, ಶಾಲೆ ತಪ್ಪಿಸಿ ಓಡಿದ ಹುಡುಗಿಯ ಹಾಗೆ ಕಿಸಕ್ಕನೆ ನಕ್ಕುಬಿಟ್ಟರು.

ಮರುದಿನ ಮನೆ ತುಂಬ ನೆಂಟರು. ಗುಬ್ಬಿಯವರು, ಚೇಳೂರಿನವರು, ಕುಣಿಗಲ್ಲಿನವರು. ಪಕ್ಕದ ಖಾಲಿ ಸೈಟಿನಲ್ಲಿ ಊಟಕ್ಕೆ ಶಾಮಿಯಾನ. ಮಠದಿಂದ ಅಯ್ಯನವರು ಬೆಳಿಗ್ಗೆಯೇ ಬಂದು ಕೂತಿದ್ದರು. ಕರಿಬಸಮ್ಮ ರೇಷ್ಮೆ ಸೀರೆಯುಟ್ಟು ಎಲ್ಲರನ್ನೂ ಮಾತಾಡಿಸುತ್ತಿದ್ದರೂ ಮನಸ್ಸೆಲ್ಲ ಕೊನೆಯ ಎರಡು ಅಧ್ಯಾಯಗಳ ಮೇಲೆ. ಅಯ್ಯನವರು ಪೂಜೆಗೆ ಅಣಿಮಾಡಿಕೊಳ್ಳುತ್ತಿರುವಾಗ, ಒಣಗಿದ ಬಟ್ಟೆ ತರುತ್ತೇನೆ ಎಂದು, ತಮ್ಮ ಅರ್ಧವನ್ನು ಸೆರಗಿನಡಿ ಮುಚ್ಚಿಕೊಂಡು ಮೆಲ್ಲನೆ ತಾರಸಿ ಹತ್ತಿದರು. ನೀರಿನ ಟ್ಯಾಂಕಿನ ನೆರಳಲ್ಲಿ ಆಗಲೇ ಒಬ್ಬರು ಕೂತಿದ್ದರು. ವನಜಮ್ಮ. ಮಡಿಲಲ್ಲಿ ಪುಸ್ತಕದ ಮೊದಲರ್ಧ.

"ಮುಗೀತು," ಎಂದು ಅವರು ಕೈ ಚಾಚಿದರು. "ಉಳಿದದ್ದು ಕೊಡಿ."

"ಇನ್ನೂ ನಂದು ಮುಗಿದಿಲ್ಲ."

"ಹಂಗಾರೆ ಜೊತೇಲೇ ಓದೋಣ. ಮಧ್ಯದ್ದು ಆಮೇಲೆ ನೋಡ್ಕೋತೀನಿ."

ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತರು. ಒಂದು ಪುಟ ತಿರುವುವುದರೊಳಗೆ ವಾದ ಶುರು.

ಅದೇ ಹೊತ್ತಿಗೆ ಕೆಳಗೆ ಅಜ್ಜಿಯರಿಬ್ಬರೂ ಎಲ್ಲಿ ಎಂದು ಹುಡುಕಾಟ ನಡೆದಿತ್ತು. ವನಜಮ್ಮನವರ ಅಣ್ಣ ಮಹಾಲಿಂಗಯ್ಯ, ಕುಣಿಗಲ್ ಕಡೆಯ ರೈತ, ಬಾಯಿತುಂಬ ಎಲೆ ಅಡಿಕೆ ಹಾಕಿಕೊಂಡು ಅರ್ಧ ಮೆಟ್ಟಿಲು ಹತ್ತಿದವರು ಅಲ್ಲೇ ನಿಂತರು. ಮೇಲಿಂದ ತಂಗಿಯ ದನಿ ಕೇಳಿಸುತ್ತಿತ್ತು.

"ಮೊದ್ಲಿಂದ್ಲೂ ಹೇಳ್ತಾನೇ ಇದೀನಿ, ಆ ಸೊಸೆ ಸರಿಯಿಲ್ಲ. ಮನೆಯೋರ್ನ ಮುಗಿಸಿ ಆಸ್ತಿ ಹೊಡ್ಕೊಳ್ಳೋಕೇ ಬಂದೋಳು."

"ನಿಮಗೆ ಸೊಸೆ ಅಂದ್ರೆ ಸಾಕು, ಅನುಮಾನ," ಇದು ಬೀಗಿತ್ತಿಯ ದನಿ. "ಅವಳೇನು ಮಾಡಿದಾಳೆ ಪಾಪ? ಮಗನ್ನ ಸರಿಯಾಗಿ ಬೆಳೆಸ್ಲಿಲ್ಲ, ಈಗ ಅವಳ ತಲೆಗೆ ಕಟ್ತೀರ."

"ತಳ್ಳಿದ್ದು ಯಾರು ಅಂತ ಇವತ್ತೇ ಗೊತ್ತಾಗುತ್ತೆ ಇರಿ."

ಮಹಾಲಿಂಗಯ್ಯ ಅಡಿಕೆ ನುಂಗಿಕೊಂಡು ಕೆಳಕ್ಕೆ ಓಡಿದರು. "ಬೀಗಿತ್ತೀರು ತಾರ್ಸಿ ಮ್ಯಾಲೆ ಕೈಕೈ ಮಿಲಾಯಿಸ್ತಾವ್ರೆ, ತಳ್ಳೋ ಮಾತಾಡ್ತಾವ್ರೆ, ಬರ್ರಪ್ಪೋ" ಎಂದರು. ಇದ್ದವರೆಲ್ಲ ಎದ್ದರು. ರೇವಣಸಿದ್ದಯ್ಯ ಮುಂದೆ, ಚನ್ನೇಶ ಹಿಂದೆ, ಮಗುವನ್ನೆತ್ತಿಕೊಂಡು ಅಕ್ಷತಾ, ವಿಭೂತಿ ತಟ್ಟೆ ಹಿಡಿದುಕೊಂಡೇ ಅಯ್ಯನವರು, ಅವರ ಹಿಂದೆ ನೆಂಟರ ದಂಡು. ತಾರಸಿ ಬಾಗಿಲು ದಾಟುವಾಗ ಅಕ್ಷತಾಳ ಕಿವಿಗೂ ಆ ಮಾತು ಬಿತ್ತು: "ಸೊಸೆ ಮುಖ ನೋಡಿದ್ರೇ ಗೊತ್ತಾಗಲ್ವಾ?"

ಅವಳ ಕಣ್ಣು ತುಂಬಿತು. "ಅತ್ತೆ," ಎಂದಳು, "ನಾನೇನು ಮಾಡ್ದೆ?"

ವನಜಮ್ಮ ತಲೆ ಎತ್ತಿದರು. ತಾರಸಿಯ ತುಂಬ ಜನ ನಿಂತಿದ್ದರು. ವನಜಮ್ಮನ ಮುಖ ಬಿಳಿಚಿಕೊಂಡಿತು.

"ನೀನಲ್ಲ ಕಣೇ," ಎಂದರು ಕರಿಬಸಮ್ಮ, ಅರ್ಧ ಪುಸ್ತಕವನ್ನು ಎತ್ತಿ ತೋರಿಸುತ್ತ. "ಇಂಗ್ಲೆಂಡಿನ ಸೊಸೆ."

ಕರಿಬಸಮ್ಮ ತರಗತಿಯ ದನಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರು. ರಾಗಿ ಡಬ್ಬ, ಕೊಬ್ಬರಿ ಎಣ್ಣೆ, ಈಳಿಗೆಮಣೆ, ಯಾವುದನ್ನೂ ಮುಚ್ಚಿಡಲಿಲ್ಲ. ಹೇಳುತ್ತಿರುವಾಗಲೇ ಅಕ್ಷತಾ ಕಣ್ಣೀರಿನ ಜೊತೆಗೇ ನಗತೊಡಗಿದಳು. ಚನ್ನೇಶ ತಾಯಿಯ ಮುಖವನ್ನೇ ನೋಡುತ್ತಿದ್ದ. "ಅಮ್ಮ, ನೀನು ಕೊಲೆ ಪುಸ್ತಕ ಓದ್ತೀಯಾ?" ಎಂದ. ವನಜಮ್ಮ ಸೊಸೆಯ ಕೈ ಹಿಡಿದುಕೊಂಡು, "ನಿನ್ನ ಬಗ್ಗೆ ಹಂಗೆ ಅಂತೀನಾ ಮಗಳೇ. ಅವಳ ವಿಷ್ಯ ಬೇರೆ, ಅವಳು ಕಿಲಾಡಿ" ಎಂದರು.

"ಸರಿ, ತಳ್ಳಿದ್ದು ಅವಳೇನಾ?" ಎಂದು ಅಕ್ಷತಾ ಕೇಳಿದಳು.

"ಗೊತ್ತಿಲ್ಲ. ಇನ್ನೊಂದಷ್ಟು ಪುಟ ಇದೆ."

ಎಲ್ಲರೂ ಅಯ್ಯನವರ ಕಡೆ ನೋಡಿದರು. ಅಯ್ಯನವರು ಗಡಿಯಾರ ನೋಡಿಕೊಂಡರು. "ಒಳ್ಳೆ ಗಳಿಗೆ ಇನ್ನೂ ದೂರ ಇದೆ," ಎಂದರು. "ಓದ್ಬಿಡಿ ತಾಯಿ. ಅರ್ಧಕ್ಕೆ ಬಿಟ್ರೆ ನಿಮಗೆ ಪೂಜೆ ಮೇಲೆ ಮನ್ಸು ನಿಲ್ಲಲ್ಲ. ಇನ್ನು ನಂಗೂ ನಿಲ್ಲಲ್ಲ."

ನೆಂಟರು ಹಿತವಾದ ಬಿಸಿಲಲ್ಲಿ ಚಾಪೆ ಹಾಸಿಕೊಂಡು ಕೂತರು. ಕರಿಬಸಮ್ಮ ಇಂಗ್ಲಿಷಿನದನ್ನು ಅಲ್ಲಲ್ಲೇ ಕನ್ನಡ ಮಾಡುತ್ತ ಓದಿದರು. ಯಾರಿಗೂ ಹಿಂದಿನ ಕಥೆ ಗೊತ್ತಿಲ್ಲ, ಆದರೂ ತಾರಸಿ ತಾನಾಗಿ ಎರಡು ಪಾಲಾಯಿತು. ಗುಬ್ಬಿ, ಚೇಳೂರಿನವರು ಹೆಣ್ಣಿನ ಕಡೆ. ಸೊಸೆ ಒಳ್ಳೆಯವಳು ಎನ್ನುವವರು. ಕುಣಿಗಲ್ಲಿನವರು ಗಂಡಿನ ಕಡೆ. ಮೊದಲು ಅವಳನ್ನು ಹಿಡಿಯಿರಿ ಎನ್ನುವವರು. ಸೊಸೆಯ ಕೋಣೆಯಲ್ಲಿ ಮಣ್ಣಾದ ಕೈಗವಸು ಸಿಕ್ಕಿತು ಎಂದು ಓದಿದಾಗ ಕುಣಿಗಲ್ಲಿನವರು ಚಪ್ಪಾಳೆ ತಟ್ಟಿದರು. ಅದನ್ನು ಬೇರೆ ಯಾರೋ ತಂದಿಟ್ಟದ್ದು ಎಂದು ತಿಳಿದಾಗ ರೇವಣಸಿದ್ದಯ್ಯನವರು ಎದ್ದುನಿಂತು ಬೀಗರ ಕಡೆ ನೋಡಿ ಮೀಸೆ ತಿರುವಿದರು. ಇಷ್ಟು ವರ್ಷ ಪಾಠ ಮಾಡಿದರೂ ಇಂಥ ತರಗತಿ ಕರಿಬಸಮ್ಮನಿಗೆ ಸಿಕ್ಕಿರಲಿಲ್ಲ.

ಕೊನೆಯ ಪುಟದ ಹಿಂದಿನ ಪುಟಕ್ಕೆ ಬಂದು ಅವರು ನಿಂತರು. ತಾವೊಮ್ಮೆ ಓದಿಕೊಂಡು, ವನಜಮ್ಮನಿಗೆ ಬೆರಳಿಟ್ಟು ತೋರಿಸಿದರು. ವನಜಮ್ಮ ಓದಿ ಹಣೆ ಒತ್ತಿಕೊಂಡರು.

"ಯಾರಮ್ಮ?" ಎಂದರು ಅಯ್ಯನವರು.

"ಅತ್ತೆ," ಎಂದರು ವನಜಮ್ಮ, ಸಣ್ಣ ದನಿಯಲ್ಲಿ.

ಹೆಣ್ಣಿನ ಕಡೆಯವರು ಹಾಕಿದ ಕೇಕೆಗೆ ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು. ಗದ್ದಲ ಇಳಿದ ಮೇಲೆ ವನಜಮ್ಮ ಗಂಟಲು ಸರಿಮಾಡಿಕೊಂಡರು. "ಗಂಡ ಆಗಿದ್ದೋನು ಅವಳನ್ನ ಒಂದು ಮಾತೂ ಕೇಳ್ದೆ, ಅವಳು ಬೆಳೆಸಿದ ತೋಟ ಮಾರೋಕೆ ಹೊರಟಿದ್ನಲ್ಲ. ಬೆಳೆದ ಗಿಡದಿಂದಲೇ ವಿಷ ತೆಗೆದ್ಲು ನೋಡಿ. ಅವಳಿಗೂ ಎಷ್ಟು ಹೊಟ್ಟೆ ಉರಿದಿರ್ಬೇಕು. ನಾನಾಗಿದ್ರೂ..." ಎಂದವರು ಮಗನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

"ಹೌದು ಬೀಗ್ರೆ," ಎಂದರು ಕರಿಬಸಮ್ಮ. ಅಷ್ಟೊಂದು ಜನರ ನಡುವೆ, ಯಾಕೋ, ಅವರಿಗೆ ಬೀಗಿತ್ತಿಯ ಮಾತು ನಿಜ ಅನ್ನಿಸಿಬಿಟ್ಟಿತ್ತು.

ಮಗುವಿಗೆ ಇಂಪನಾ ಎಂದು ಹೆಸರಾಯಿತು. ಅಷ್ಟು ಗಲಾಟೆಯಲ್ಲೂ ಅದು ಒಮ್ಮೆಯೂ ಅಳಲಿಲ್ಲ. ತೊಟ್ಟಿಲಿಗೆ ಹಾಕುವಾಗ ಅಜ್ಜಿಯರಿಬ್ಬರೂ ಎರಡು ಕಡೆ ನಿಂತು ತೂಗಿದರು. ಆಮೇಲೆ ಊಟ. ಕರಿಬಸಮ್ಮ ಹೋಳಿಗೆ ಬಡಿಸುತ್ತ, ವನಜಮ್ಮ ಹಿಂದಿಂದ ತುಪ್ಪ ಹಾಕುತ್ತ ಪಂಕ್ತಿಯಲ್ಲಿ ಬಂದರು. ಮಹಾಲಿಂಗಯ್ಯನವರ ಎಲೆಯ ಮುಂದೆ ಬಂದಾಗ ಅವರು ತಂಗಿಯನ್ನು ತಡೆದರು. ತಾರಸಿಯ ಮೇಲೆ ಎಲ್ಲರಿಗಿಂತ ಜೋರಾಗಿ ಸೊಸೆಯನ್ನು ಬೈದವರು ಅವರೇ.

"ಅದೆಲ್ಲ ಸರಿ ಕಣವ್ವ. ಅಲ್ಲಿ ಸತ್ತಿದ್ದು ಯಾರು?"

ವನಜಮ್ಮ ಕರಿಬಸಮ್ಮನ ಮುಖ ನೋಡಿದರು. ಕರಿಬಸಮ್ಮ ಹೋಳಿಗೆಯ ತಟ್ಟೆಯನ್ನು ಮೇಜಿನ ಮೇಲಿಟ್ಟು ಎರಡು ಕುರ್ಚಿ ಎಳೆದರು.

"ಒಂದು ದೊಡ್ಡ ಬಂಗಲೆ ಇತ್ತು ಅಣ್ಣಾವ್ರೆ," ಎಂದು ಶುರು ಮಾಡಿದರು.

"ಬಂಗಲೆಗಿಂತ ಮೊದ್ಲು ಟೀ ವಿಚಾರ ಹೇಳಿ," ಎಂದು ವನಜಮ್ಮ ಪಕ್ಕದಲ್ಲಿ ಕೂತರು, ತುಪ್ಪದ ಗಿಂಡಿ ಮಡಿಲಲ್ಲೇ ಇತ್ತು. ಪಂಕ್ತಿಯ ಆ ತುದಿಯವರು ಖಾಲಿ ಎಲೆಯ ಮುಂದೆ ಕೂತು, ಹೋಳಿಗೆ, ತುಪ್ಪ ಎಂದು ಕೂಗುತ್ತಲೇ ಇದ್ದರು.